ಕೋಳಿಗೊಂದು ಗಾದಿ

ಹೈದರಾಬಾದಿನಲ್ಲಿ ಕೋಳಿಯ ಮಾತು ಎತ್ತಿದರೆ ಸಾಕು, ಎಲ್ಲರೂ ಪಂಡಿತರು. ಯಾವ ಹೋಟೆಲಿನ ಬಿರಿಯಾನಿಯಲ್ಲಿ ಕಾಲಿನ ತುಂಡು ದೊಡ್ಡದು, ಯಾವ ಗಲ್ಲಿಯಲ್ಲಿ ನಾಟಿ ಎಂದು ಹೇಳಿ ಫಾರಂ ಕೋಳಿ ಕಟ್ಟಿಕೊಡುತ್ತಾರೆ, ರಂಜಾನ್ ತಿಂಗಳಲ್ಲಿ ಎಷ್ಟು ಹೊತ್ತಿನ ತನಕ ಕಬಾಬು ಸಿಗುತ್ತದೆ, ಎಲ್ಲಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ತಟ್ಟೆಗೆ ಬರುವ ಮುಂಚೆ ಆ ಕೋಳಿ ಯಾವುದರ ಮೇಲೆ ಮಲಗಿತ್ತು ಅಂತ ಕೇಳಿ ನೋಡಿ. ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ, ಇವರಿಗೆ ಯಾವಾಗಿನಿಂದ ಹೀಗೆ ಎನ್ನುವಂತೆ ನಿಮ್ಮ ಹೆಂಡತಿಯ ಮುಖ ನೋಡುತ್ತಾರೆ.

ರಾಜೇಂದ್ರನಗರದ ಕಡೆ ಹಿತ್ತಲಿರುವ ಮನೆ ಸಿಕ್ಕವರಿಗೆ ಕೋಳಿ ಸಾಕುವ ಚಪಲ ಬಾರದೆ ಇರುವುದು ಕಷ್ಟ. ಗಾಳಿಯಲ್ಲೇ ಏನೋ ಇದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ಇರುವುದು ಅಲ್ಲೇ; 1988ರಲ್ಲಿ ಶುರುವಾದದ್ದು. ಹಿತ್ತಲಲ್ಲಿ ಸಾಕಲೆಂದೇ ವನರಾಜ, ಗ್ರಾಮಪ್ರಿಯ, ಶ್ರೀನಿಧಿ ಎಂಬ ತಳಿಗಳನ್ನು ಕೊಟ್ಟವರು ಅವರು. ನಮ್ಮ ಬೆಂಗಳೂರಿನ ಹೆಬ್ಬಾಳದವರು ತಮ್ಮ ಕೋಳಿಗೆ ಗಿರಿರಾಜ ಎಂದು ಹೆಸರಿಟ್ಟರು, ಇವರು ವನರಾಜ ಎಂದರು. ಗಿರಿಯೋ ವನವೋ, ರಾಜ ಎಂದ ಮೇಲೆ ಹಾಸಿಗೆ ಬೇಡವೇ? ನಾಮಕರಣಕ್ಕೆ ಅರಮನೆ, ಮಲಗಲಿಕ್ಕೆ ಬರೀ ಸಿಮೆಂಟು ನೆಲ ಎಂದರೆ ಅದು ಯಾವ ಸೀಮೆಯ ನ್ಯಾಯ?

ಈ ಪ್ರಶ್ನೆಯನ್ನು ನಮ್ಮ ಮನೆಯ ನಡುಮನೆಯಲ್ಲಿ ಮಂಡಿಸಿದಾಗ ಹುಮನಾಬಾದಿನಿಂದ ಬಂದಿದ್ದ ನಮ್ಮ ಅತ್ತೆ ಎಲೆಯಡಿಕೆ ಚೀಲ ಕೆಳಗಿಟ್ಟರು. "ಏನಂದ್ರಿ? ಕೋಳಿಗಿ ಗಾದಿ ಹಾಸ್ತೀರಿ? ಇವತ್ತ ಗಾದಿ ಹಾಸ್ರಿ, ನಾಳಿ ತಲಿದಿಂಬು ಕೇಳ್ತಾವ. ಚಳಿಗಾಲಕ್ಕ ಕೌದಿ ಹೊಲಿಲಿಕ್ಕೆ ನನ್ನ ಕರೀಬ್ಯಾಡ್ರಿ ಮತ್ತ."

ಅತ್ತೆಯವರ ಊರಲ್ಲಿ ಕೋಳಿಗೆ ರಾತ್ರಿ ಒಂದು ಬುಟ್ಟಿ ಮುಚ್ಚುತ್ತಿದ್ದರು, ಮೇಲೊಂದು ಕಲ್ಲು ಹೇರುತ್ತಿದ್ದರು. ಬೆಳಿಗ್ಗೆ ಬುಟ್ಟಿ ಎತ್ತಿ, ಕಸ ಗುಡಿಸಿ, ಒಲೆಯ ಬೂದಿ ಎರಚಿದರೆ ಮುಗಿಯಿತು. ಅವರ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಹೇಳುವಷ್ಟು ಧೈರ್ಯವೂ ಇಲ್ಲ. ಆದರೆ ಹಳ್ಳಿಯ ಕೋಳಿ ಹಗಲೆಲ್ಲ ತಿಪ್ಪೆಯ ಮೇಲೆ ಸಂಸಾರ ಮಾಡುತ್ತದೆ, ರಾತ್ರಿ ನಿದ್ದೆಗೆ ಮಾತ್ರ ಮನೆಗೆ ಬರುತ್ತದೆ. ಪೇಟೆಯ ಕೋಳಿಗೆ ಎಂಟು ಅಡಿ ಉದ್ದ, ಆರು ಅಡಿ ಅಗಲದ ಗೂಡೇ ತಿಪ್ಪೆ, ಅದೇ ಅಂಗಳ, ಅದೇ ಪಾಯಿಖಾನೆ. ಬೆಳೆದ ಕೋಳಿಯೊಂದು ದಿನಕ್ಕೆ ನೂರು ಗ್ರಾಮಿಗೂ ಮೇಲೆ ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಹಕ್ಕಿಗಳಿಗೆ ಮೂತ್ರಕ್ಕೊಂದು ದಾರಿ, ಮಲಕ್ಕೊಂದು ದಾರಿ ಎಂಬ ಸೌಕರ್ಯವನ್ನು ದೇವರು ಕೊಟ್ಟಿಲ್ಲ. ಹಿಕ್ಕೆಯ ಮೇಲೆ ಬೆಳ್ಳಗೆ ಸುಣ್ಣದ ಹಾಗೆ ಕಾಣುತ್ತದಲ್ಲ, ಅದು ಯೂರಿಕ್ ಆಮ್ಲ. ಒಣಗಿದ್ದರೆ ಅದು ತಣ್ಣಗೆ ಇರುತ್ತದೆ. ಒದ್ದೆಯಾಯಿತೋ, ಸೂಕ್ಷ್ಮಾಣುಗಳು ಪಂಕ್ತಿಗೆ ಕೂತು ಅದನ್ನು ಅಮೋನಿಯಾ ಮಾಡುತ್ತವೆ. ಕಣ್ಣು ಉರಿಯುವುದು ಅದಕ್ಕೇ. ರಕ್ತಭೇದಿ ತರುವ ಕಾಕ್ಸಿಡಿಯಾ ಬಲಿಯುವುದೂ ಆ ತೇವದಲ್ಲೇ. ಹಾಗಾಗಿ ಗಾದಿ ಹಾಸುವುದು ಕೋಳಿಗೆ ಮೆತ್ತಗಾಗಲಿ ಅಂತ ಅಲ್ಲ, ಆ ಮುಕ್ಕಾಲು ಪಾಲು ನೀರಿಗೆ ಒಂದು ಗತಿ ಕಾಣಿಸಲಿಕ್ಕೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದವರು ಕೋಳಿ ಸಾಕಿದವರಲ್ಲ. ಕೋಳಿ ಕಾಲು ಚಾಚುವುದೇ ಹಾಸಿಗೆ ಕೆದರಲಿಕ್ಕೆ. ಹೊಸದಾಗಿ ಸಮತಟ್ಟಾಗಿ ಹರವಿ ಬೆನ್ನು ನೆಟ್ಟಗೆ ಮಾಡುವುದರೊಳಗೆ ಒಂದು ಮೂಲೆಯಲ್ಲಿ ಗುಡ್ಡ, ಇನ್ನೊಂದು ಮೂಲೆಯಲ್ಲಿ ಬಾವಿ. ಅದೇ ಒಳ್ಳೆಯದು ಅನ್ನಿ. ಕೆದರಿದಷ್ಟೂ ಗಾಳಿಯಾಡುತ್ತದೆ, ಗಾಳಿಯಾಡಿದಷ್ಟೂ ಒಣಗುತ್ತದೆ.

ಇನ್ನು ಏನು ಹಾಸುವುದು ಎಂಬ ಮಾತು. ಮೊಟ್ಟೆಯ ದರ ಬೇಕಾದರೆ ಕಷ್ಟವಿಲ್ಲ. 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಊರೂರಿನ ಮೊಟ್ಟೆ ದರವನ್ನು ದಿನವೂ ಹೇಳುತ್ತದೆ, ಹೈದರಾಬಾದಿನದೂ ಸೇರಿ. ಕೋಳಿ ಮರಿಯ ದರ ಬೇಕಾದರೆ ಚಾರ್ಮಿನಾರಿನ ಪಕ್ಕದ ಮೆಹಬೂಬ್ ಚೌಕಕ್ಕೆ ಹೋದರಾಯಿತು. ಅಲ್ಲಿ ಅಷ್ಟು ಚಂದದ ಗಡಿಯಾರದ ಗೋಪುರವಿದ್ದರೂ ಜನ ಕರೆಯುವುದು ಮುರ್ಗಿ ಚೌಕ್ ಅಂತಲೇ. ಆದರೆ ಹಾಸಿಗೆಯ ದರವನ್ನು ಯಾವ ಸಮಿತಿಯೂ ಹೇಳುವುದಿಲ್ಲ. ಮಾರುವವನು ನಿಮ್ಮ ಅಂಗಿ ನೋಡಿ ನಿರ್ಧರಿಸುತ್ತಾನೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಟ್ಟು ಕೊಳ್ಳಲು ಹೋಗಬಾರದು.

ಮೊದಲ ಮರ್ಯಾದೆ ಭತ್ತದ ಹೊಟ್ಟಿಗೆ. ತೆಲಂಗಾಣದಲ್ಲಿ ಕೂತು ಭತ್ತದ ಹೊಟ್ಟು ಬಿಟ್ಟು ಬೇರೆ ಹುಡುಕುವುದು ಸಮುದ್ರದ ದಂಡೆಯಲ್ಲಿ ಉಪ್ಪಿಗೆ ಚೀಟಿ ಬರೆದಂತೆ. ನಮ್ಮ ಓಣಿಯ ಅಪಾರ್ಟ್‌ಮೆಂಟಿನ ವಾಚ್‌ಮನ್ ನಲ್ಗೊಂಡ ಕಡೆಯವನು. ನಾನು ಹೊಟ್ಟಿಗೆ ದುಡ್ಡು ಕೊಡುತ್ತೇನೆ ಎಂದು ಕೇಳಿ ಅವನಿಗೆ ಆದ ಸಂಕಟ ನನಗೆ ಆಗಲಿಲ್ಲ. "ಮಾ ಊರ್ಲ ಉತ್ತಗನೇ ಇಸ್ತರು ಸಾರ್" ಎಂದ. ಅವರ ಊರಲ್ಲಿ ಪುಕ್ಕಟೆ ಕೊಡುತ್ತಾರಂತೆ. ಕೊಡಬಹುದು. ಅವರ ಊರು ನನ್ನ ಗೂಡಿನ ಪಕ್ಕದಲ್ಲಿಲ್ಲ ಎನ್ನುವುದಷ್ಟೇ ತೊಡಕು.

ಲೆಕ್ಕ ಹಾಕೋಣ ಬನ್ನಿ. ಎಂಟಡಿ ಆರಡಿಯ ಗೂಡಿಗೆ ಮೂರು ಇಂಚು ಹಾಸಬೇಕೆಂದರೆ ಹನ್ನೆರಡು ಘನ ಅಡಿ ಹೊಟ್ಟು, ಅಂದರೆ ಸುಮಾರು 340 ಲೀಟರು. ಹೊಟ್ಟು ಎಷ್ಟು ಹಗುರ ಎಂದರೆ ಅಷ್ಟೆಲ್ಲ ಸೇರಿ ತೂಕ ಮೂವತ್ತು ಮೂವತ್ತೈದು ಕಿಲೋ. ಭತ್ತದ ತೂಕದಲ್ಲಿ ಐದರಲ್ಲೊಂದು ಪಾಲು ಹೊಟ್ಟು. ಹಾಗಾದರೆ ನೂರೈವತ್ತು, ನೂರೆಪ್ಪತ್ತು ಕಿಲೋ ಭತ್ತ ಗಿರಣಿಗೆ ಬಿದ್ದರೆ ನನ್ನ ಕೋಳಿಗಳಿಗೆ ಒಂದು ಸುತ್ತಿನ ಗಾದಿ. ಗಿರಣಿಯವನಿಗೆ ಅದು ಕಣ್ಣಿಗೂ ಕಾಣದ ಬಾಬತ್ತು. ಆದರೆ ಟ್ರಾಲಿ ಆಟೋದವನು ತೂಕ ನೋಡಿ ಬಾಡಿಗೆ ಹೇಳುವುದಿಲ್ಲ, ಗಾತ್ರ ನೋಡಿ ಹೇಳುತ್ತಾನೆ. ಉಬ್ಬಿದ ಗೋಣಿಚೀಲಗಳನ್ನು ಕಂಡು ಅವನ ಬಾಡಿಗೆಯೂ ಉಬ್ಬುತ್ತದೆ. "ಅರೇ ಭಾಯ್, ಗಾಳಿಯಷ್ಟು ಹಗುರ" ಅಂದರೆ, "ಹವಾ ಭೀ ತೋ ಜಗಾ ಲೇತೀ ಸಾಬ್" ಎನ್ನುತ್ತಾನೆ. ಗಾಳಿಗೂ ಜಾಗ ಬೇಕಲ್ಲ ಎನ್ನುವವನ ಮುಂದೆ ಯಾವ ಭೌತಶಾಸ್ತ್ರ ಓದಿದವನೂ ನಿಲ್ಲಲಾರ. ಪಟ್ಟಣದಲ್ಲಿ ಕೋಳಿ ಹಾಸಿಗೆಯ ಬೆಲೆ ಎಂದರೆ ಮುಖ್ಯವಾಗಿ ಆಟೋ ಬಾಡಿಗೆ. ಯಾರಾದರೂ ಡಿಸಿಎಂ ಎನ್ನುವ ಮಿನಿ ಲಾರಿಯಲ್ಲಿ ಫಾರಮ್ಮಿಗೆ ತುಂಬಿಸಿಕೊಂಡು ಹೋಗುವವರ ಸ್ನೇಹ ಬೆಳೆಸಿ ಮೂರು ಚೀಲ ಇಳಿಸಿಕೊಂಡರೆ ಅದಕ್ಕಿಂತ ಸೋವಿ ಇನ್ನಿಲ್ಲ. ಕಾಲೇಜಿನ ಗೆಳೆಯರು ಯಾರೂ ಇಷ್ಟು ಉಪಯೋಗಕ್ಕೆ ಬರುವುದಿಲ್ಲ.

ಇದರೊಳಗೆ ರಾಜಕೀಯವೂ ಇದೆ, ನಗಬೇಡಿ. ಇಲ್ಲಿ ಮಳೆಗಾಲದ್ದು ವಾನಾಕಾಲಂ ಬೆಳೆ, ಬೇಸಿಗೆಗೆ ಕೊಯ್ಯುವುದು ಯಾಸಂಗಿ. ಏಪ್ರಿಲ್, ಮೇ ತಿಂಗಳ ಬೆಂಕಿ ಬಿಸಿಲಿನಲ್ಲಿ ಕೊಯ್ದ ಯಾಸಂಗಿ ಭತ್ತದ ಕಾಳು ಒಳಗೇ ಬಿರುಕು ಬಿಟ್ಟಿರುತ್ತದೆ. ಹಾಗೇ ಗಿರಣಿಗೆ ಹಾಕಿದರೆ ಅಕ್ಕಿಗಿಂತ ನುಚ್ಚೇ ಹೆಚ್ಚು. ಅದಕ್ಕೆ ಮಿರ್ಯಾಲಗೂಡದಂಥ ಊರಿನ ಗಿರಣಿಗಳು ಭತ್ತವನ್ನು ನೆನೆಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿ ಕುಸುಬಲಕ್ಕಿ ಮಾಡುತ್ತವೆ. ಆವಿ ಬೇಕೆಂದರೆ ಬಾಯ್ಲರ್ ಉರಿಯಬೇಕು, ಬಾಯ್ಲರ್ ಉರಿಯುವುದು ಹೊಟ್ಟಿನಿಂದಲೇ. ಕೇಂದ್ರ ಸರಕಾರ ಈ ಕುಸುಬಲಕ್ಕಿ ನಮಗೆ ಬೇಡ ಎಂದಾಗ ದೊಡ್ಡ ರಾದ್ಧಾಂತವಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಕೆ. ಚಂದ್ರಶೇಖರ ರಾವ್ 2021ರ ನವೆಂಬರಿನಲ್ಲಿ ಇಂದಿರಾ ಪಾರ್ಕಿನ ಧರ್ನಾ ಚೌಕದಲ್ಲಿ ಕೂತರು, 2022ರ ಏಪ್ರಿಲಿನಲ್ಲಿ ದೆಹಲಿಗೇ ಹೋಗಿ ಕೂತರು. ಪತ್ರಿಕೆಗಳೆಲ್ಲ ರೈತನ ಬಗ್ಗೆ, ಗಿರಣಿಯವರ ಬಗ್ಗೆ, ಮುಂದಿನ ಚುನಾವಣೆಯ ಬಗ್ಗೆ ಬರೆದವು. ಬಾಯ್ಲರ್ ಆರಿದರೆ ಹೊಟ್ಟು ಉಳಿಯುತ್ತದೆ, ಹೊಟ್ಟು ಉಳಿದರೆ ಕೋಳಿಗೆ ಗಾದಿ ಸೋವಿಯಾಗುತ್ತದೆ ಎಂಬ ಮುಖ್ಯ ಅಂಶವನ್ನು ಯಾವ ಸಂಪಾದಕರೂ ಗಮನಿಸಿದಂತೆ ಕಾಣಲಿಲ್ಲ. ಇನ್ನು ಇಟ್ಟಿಗೆ ಭಟ್ಟಿಯವರೂ ಅದೇ ಹೊಟ್ಟಿಗೆ ಕೈ ಚಾಚುತ್ತಾರೆ. ಪಟ್ಟಣ ಬೆಳೆದಷ್ಟೂ ಇಟ್ಟಿಗೆ ಬೇಕು. ಪಕ್ಕದ ಖಾಲಿ ಜಾಗದಲ್ಲಿ ಐದಂತಸ್ತು ಎದ್ದರೆ ಬಿಸಿಲು ಹೋಯಿತು ಎಂದು ನಾವು ಗೊಣಗುತ್ತೇವೆ. ಕೋಳಿ ತನ್ನ ಹಾಸಿಗೆಯೂ ಅದೇ ಗೋಡೆಗೆ ಹೋಯಿತು ಎಂದು ಗೊಣಗಬಹುದು.

ಹೊಟ್ಟಿನ ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಅದರ ಮೈಯಲ್ಲಿ ಸಿಲಿಕಾ ಬಹಳ, ಅಂದರೆ ಮರಳಿನ ಅಂಶ. ಅದಕ್ಕೇ ಬೇಗ ಕೊಳೆಯುವುದಿಲ್ಲ, ಗೆದ್ದಲಿಗೂ ರುಚಿಸುವುದಿಲ್ಲ. ಆದರೆ ಅದೇ ಕಾರಣಕ್ಕೆ ನೀರು ಹೀರುವುದರಲ್ಲಿ ಮರದ ಹೊಟ್ಟಿನಷ್ಟು ಚುರುಕಲ್ಲ. ಹೀರುವುದು ಕಡಿಮೆ, ಆರುವುದು ಬೇಗ. ಹೈದರಾಬಾದಿನ ಒಣಹವೆಗೆ ಇದು ಸರಿಹೋಗುತ್ತದೆ. ಮಂಗಳೂರಿನ ಆಷಾಢದಲ್ಲಿ ಇದೇ ಮಾತನ್ನು ನಾನು ಹೇಳಲಾರೆ.

ಮರದ ಹೊಟ್ಟು ಎಂದೆನಲ್ಲ. ಬಡಗಿ ರಂದಾ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುತ್ತದೆ ನೋಡಿ, ಅದು ಕೋಳಿ ಲೋಕದ ಸುಪ್ಪತ್ತಿಗೆ. ಹೀರುತ್ತದೆ, ಮೆತ್ತಗಿರುತ್ತದೆ, ಧೂಳು ಕಡಿಮೆ. ಅದನ್ನು ಹುಡುಕಿಕೊಂಡು ಫರ್ನಿಚರ್ ಮಾಡುವ ಕಡೆ ಹೋಗಿ. "ಬುರಾದಾ ಹೋನಾ? ಬೋರಾ ಭರ್ ಕೇ ಲೇಜಾವ್" ಎಂದು, ಪುಡಿ ಬೇಕಾದರೆ ಚೀಲ ತುಂಬಿ ಒಯ್ಯಿರಿ ಅಂತ, ಕೊಡುಗೈ ದಾನಿಗಳಂತೆ ಹೇಳುತ್ತಾರೆ. ಚೀಲದೊಳಗೆ ಕೈ ಹಾಕಿದರೆ ಮೈದಾಹಿಟ್ಟಿನಂಥ ನುಣುಪು ಪುಡಿ. ಇದು ಯಾವ ಮರದ್ದು ಅಂದರೆ ನಗುತ್ತಾರೆ. ಈಗ ಮರದ ಅಂಗಡಿಯಲ್ಲಿ ಮರ ಎಲ್ಲಿದೆ? ಎಲ್ಲ ಪ್ಲೈವುಡ್ಡು, ಎಂಡಿಎಫ್ಫು. ಅದರ ಪುಡಿಯಲ್ಲಿ ಮರದ ಜೊತೆ ಅಂಟೂ ಇರುತ್ತದೆ, ಆ ಅಂಟಿನೊಳಗೆ ಫಾರ್ಮಾಲ್ಡಿಹೈಡ್. ಅದನ್ನು ಹಾಸಿದರೆ ಕೋಳಿ ಕೆದರಿದಾಗ ಗೂಡಿನ ತುಂಬ ಮಂಜು ಮುಸುಕುತ್ತದೆ. ಕೆಮ್ಮು ಅದಕ್ಕೂ, ಬಾಗಿಲು ತೆಗೆದ ನಿಮಗೂ. ಎಳೆ ಮರಿಗಳಂತೂ ಇದನ್ನೇ ಮೇವೆಂದು ತಿಂದು ಹೊಟ್ಟೆ ಕಟ್ಟಿಸಿಕೊಳ್ಳುತ್ತವೆ. ಪುಕ್ಕಟೆ ಸಿಕ್ಕಿದ್ದೆಲ್ಲ ಸೋವಿಯಲ್ಲ ಎಂಬುದಕ್ಕೆ ಈ ಚೀಲವೇ ಸಾಕ್ಷಿ. ನಿಜವಾದ ಮರ ಕೊಯ್ಯುವ ಸಾಮಿಲ್ಲು ಗೊತ್ತಿದ್ದರೆ, ಅಲ್ಲಿನ ಹೊಟ್ಟು ಒಣಗಿದ್ದರೆ, ಕಣ್ಣು ಮುಚ್ಚಿ ತನ್ನಿ. ಹಸಿ ಮರದ್ದಾದರೆ ಕಣ್ಣು ಬಿಟ್ಟೇ ಬಿಟ್ಟುಬನ್ನಿ. ಬೂಸಲು ಬಂದ ಹೊಟ್ಟು ಕೋಳಿಯ ಶ್ವಾಸಕ್ಕೆ ನೇರ ಶತ್ರು.

ಶೇಂಗಾ ಸಿಪ್ಪೆಯ ವಿಷಯಕ್ಕೆ ಬಂದರೆ ನಮ್ಮ ಅತ್ತೆಯೂ ಸ್ವಲ್ಪ ಮೆತ್ತಗಾಗುತ್ತಾರೆ, ಯಾಕೆಂದರೆ ಶೇಂಗಾ ಅವರ ಪಕ್ಷ. ವನಪರ್ತಿ, ಗದ್ವಾಲ ಕಡೆ ಬೇಕಾದಷ್ಟು ಬೆಳೆಯುತ್ತಾರೆ, ಗದ್ವಾಲದಿಂದ ಆಚೆ ನಮ್ಮ ರಾಯಚೂರೇ. ಸಿಪ್ಪೆ ಒಳ್ಳೆಯದೇ, ಚೆನ್ನಾಗಿ ಹೀರುತ್ತದೆ. ಒಂದೇ ಭಯ ಎಂದರೆ ಬೂಸಲು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬೂಸಲು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದೇ ಹಾಗೆ. ಅದು ಮೇವಿನ ಕತೆ ನಿಜ, ಆದರೆ ಕೋಳಿಗೆ ಮೇವು ಬೇರೆ, ಹಾಸಿಗೆ ಬೇರೆ ಎಂಬ ಭೇದಭಾವ ಇಲ್ಲ. ಕೆದರುವಾಗ ಕಂಡದ್ದನ್ನೆಲ್ಲ ಒಂದು ಸಲ ಕುಕ್ಕಿ ನೋಡುವುದು ಅದರ ಜನ್ಮಸಿದ್ಧ ಹಕ್ಕು. ಗರಿಗರಿ ಒಣಗಿದ ಸಿಪ್ಪೆಯಾದರೆ ಸರಿ.

ಪತ್ರಿಕೆ ಹಾಸಿ ಎಂದು ಸಲಹೆ ಕೊಡುವವರು ಬಹಳ. ಹೈದರಾಬಾದಿನಲ್ಲಿ ತೆಲುಗು, ಉರ್ದು, ಇಂಗ್ಲಿಷು, ಹಿಂದಿ ಎಲ್ಲ ಪತ್ರಿಕೆಗಳೂ ಸಿಗುತ್ತವೆ, ಕೋಳಿಗೆ ಭಾಷಾಭಿಮಾನ ಇಲ್ಲ. ಆದರೆ ಮರಿಗಳ ಕಾಲಿಗೆ ಬರೀ ಕಾಗದ ಜಾರುತ್ತದೆ. ಜಾರಿ ಜಾರಿ ಕಾಲುಗಳು ಎರಡು ದಿಕ್ಕಿಗೆ ಅಗಲಿ, ಅವು ಮತ್ತೆ ನೆಟ್ಟಗೆ ನಿಲ್ಲುವುದೇ ಕಷ್ಟ. ಮರಿಗಳು ಹೊಟ್ಟನ್ನು ಮೇವೆಂದು ತಿಳಿಯದಿರಲಿ ಅಂತ ಹೊಟ್ಟಿನ ಮೇಲೆ ಮೊದಲ ಕೆಲವು ದಿನ ಕಾಗದ ಹಾಸಿ, ಅದರ ಮೇಲೆ ಕಾಳು ಚೆಲ್ಲುವುದುಂಟು, ಅದು ಬೇರೆ. ಆಗಲೂ ನುಣುಪು ಕಾಗದ ಬೇಡ, ಒರಟಾದದ್ದೇ ಇರಲಿ. ದೊಡ್ಡ ಕೋಳಿಗೆ ಚೂರು ಚೂರು ಹರಿದು ಹಾಕಬಹುದು, ಒದ್ದೆಯಾದರೆ ಹಪ್ಪಳದ ಹಾಗೆ ಅಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ರದ್ದಿಯವನು ಕೊಡುವ ದುಡ್ಡಿನಲ್ಲಿ ಅಷ್ಟೇ ತೂಕದ ಹೊಟ್ಟು ಬಂದು ಮಿಕ್ಕುತ್ತದೆ. ಬೀದರಿನಿಂದ ಬಂದವರ ಚೀಲದಲ್ಲಿ ಸಿಗುವ ಕನ್ನಡ ಪತ್ರಿಕೆಯನ್ನಂತೂ ಕೋಳಿಗೆ ಕೊಡುವ ಪ್ರಶ್ನೆಯೇ ಇಲ್ಲ. ಅದಕ್ಕೆ ಮನೆಯಲ್ಲೇ ಸರದಿ ಇದೆ.

ಒಣಹುಲ್ಲು? ಕತ್ತರಿಸಿ ಹಾಕಿದರೆ ಪರವಾಗಿಲ್ಲ, ಉದ್ದಕ್ಕೆ ಹಾಕಿದರೆ ಜಡೆ ಹೆಣೆದುಕೊಳ್ಳುತ್ತದೆ. ಮರಳು ಬೇಸಿಗೆಯಲ್ಲಿ ತಂಪು, ಆದರೆ ಹೊಳೆಮರಳಿನ ಬೆಲೆ ಕೇಳಿದವರು ಅದರಲ್ಲಿ ಮನೆ ಕಟ್ಟುತ್ತಾರೆಯೇ ಹೊರತು ಕೋಳಿ ಮಲಗಿಸುವುದಿಲ್ಲ. ತೆಂಗಿನ ನಾರಿನ ಪುಡಿ ಸ್ಪಂಜು, ನರ್ಸರಿಯವರು ಕೇಳುವ ದರಕ್ಕೆ ಕೋಳಿಯೇ ಬೇಡವೆಂದೀತು. ಬೀದಿಯ ಹೊಂಗೆ ಮರಗಳು ಉದುರಿಸುವ ತರಗೆಲೆ ಮಾತ್ರ ನಿಜಕ್ಕೂ ಪುಕ್ಕಟೆ; ಹೊಟ್ಟಿನ ಜೊತೆ ಬೆರೆಸಿದರೆ ಕೋಳಿಗೆ ಕೆದರುವ ಸಂಭ್ರಮವೂ ಆಗುತ್ತದೆ. ಒಂದೇ ಎಚ್ಚರ, ಗುಡಿಸುವವರು ಬೆಂಕಿ ಇಡುವ ಮುಂಚೆ ನೀವು ಏಳಬೇಕು.

ಹಾಸಿದ ಮೇಲೆ ಕೆಲಸ ಮುಗಿಯಿತು ಅಂತ ತಿಳಿದವರು ಗಾದಿಯ ದುಡ್ಡನ್ನು ಎರಡು ಸಲ ಕೊಡುತ್ತಾರೆ. ಗೂಡಿನೊಳಗೆ ತೇವ ತರುವ ಮುಖ್ಯ ಆಸಾಮಿ ಮಳೆರಾಯ ಅಲ್ಲ, ನೀರಿನ ಬಟ್ಟಲು. ಅದನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಇಟ್ಟಿಗೆಯ ಮೇಲೆ ಏರಿಸಿ, ಅರ್ಧ ಖರ್ಚು ಉಳಿಯಿತು. ಆಮೇಲೆ ಒಂದು ಮುಷ್ಟಿ ಹೊಟ್ಟು ಹಿಡಿದು ಹಿಸುಕಿ. ಉಂಡೆಯಾಗಿ ಹಾಗೇ ನಿಂತರೆ ಒದ್ದೆ ಹೆಚ್ಚಾಗಿದೆ. ಉಂಡೆ ಕಟ್ಟಿದಂತೆ ಮಾಡಿ ಮೆಲ್ಲಗೆ ಉದುರಿದರೆ ಹದ. ಉಂಡೆಯೇ ಕಟ್ಟದೆ ಧೂಳೆದ್ದರೆ ತೀರ ಒಣಗಿದೆ. ಗಟ್ಟಿ ಹೆಂಟೆಗಳನ್ನು ತೆಗೆದು ಹಾಕಿ, ಕೆದಕಿ, ಆಮೇಲೆ ಸುಣ್ಣದ ಪುಡಿ ಬೆರೆಸಿ. ಮೊದಲೇ ಸುಣ್ಣ ಎರಚಿದರೆ ಅಡಗಿದ್ದ ಅಮೋನಿಯಾ ಒಮ್ಮೆಗೇ ಎದ್ದು ಬರುತ್ತದೆ, ಕಿಟಕಿ ತೆರೆದಿರಲಿ.

ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯಾ 25 ಪಾಲು ದಾಟಬಾರದು ಎನ್ನುತ್ತವೆ ಕೋಳಿ ಸಾಕಣೆಯ ಪುಸ್ತಕಗಳು. ಅಳೆಯಲಿಕ್ಕೆ ಯಂತ್ರ ಬರುತ್ತದೆ, ನಮಗೆ ಬೇಡ. ನಿಂತು ಮೂಸಿದರೆ ಸಾಲದು, ಕೋಳಿಯ ಮೂಗಿನ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕೂತು ಮೂಸಬೇಕು. ಅದೂ ಪೂರ್ತಿ ನಂಬಿಕೆಗೆ ಅರ್ಹವಲ್ಲ, ಸಾಕಿದವನ ಮೂಗು ಕ್ರಮೇಣ ಕೋಳಿಯ ಪಕ್ಷ ಸೇರಿಬಿಡುತ್ತದೆ. ಕಾಂಪೌಂಡಿನ ಆಚೆಯ ಮನೆಯ ಭಾಭಿಯ ಮೂಗು ಮಾತ್ರ ಸದಾ ತಟಸ್ಥ. ಅವರ ಅಡುಗೆಮನೆಯ ಕಿಟಕಿ ಧಡಕ್ಕನೆ ಮುಚ್ಚಿತೆಂದರೆ ಹೊಟ್ಟು ಕೆದಕುವ ಹೊತ್ತಾಯಿತು. "ಕ್ಯಾ ಭಾಯಿಸಾಬ್, ಬಾಸ್ ಆರೀ" ಎಂದು, ವಾಸನೆ ಬರುತ್ತಿದೆ ಅಂತ, ಅವರು ಬಾಯಿಬಿಟ್ಟು ಹೇಳಿದರೆ ತಡವಾಯಿತು ಎಂದು ಅರ್ಥ.

ಹಾಸಿಗೆಯನ್ನು ಪೂರ್ತಿ ಎತ್ತಿ ಬಿಸಾಡದೆ, ಮೇಲೆ ಮೇಲೆ ತೆಳ್ಳಗೆ ಹೊಸದು ಹರವುತ್ತ, ಕೆದಕುತ್ತ ತಿಂಗಳುಗಟ್ಟಲೆ ನಡೆಸುವುದಿದೆಯಲ್ಲ, ಖರ್ಚಿನ ದೃಷ್ಟಿಯಿಂದ ಅದೇ ಬುದ್ಧಿವಂತಿಕೆ. ಅಮೆರಿಕದ ಓಹಾಯೋ ಕೃಷಿ ಪ್ರಯೋಗ ಕೇಂದ್ರದವರು 1940ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಹೀಗೆ ಹಳತಾದ ಹಾಸಿಗೆಯ ಮೇಲಿದ್ದ ಕೋಳಿಗಳು, ಮೇವಿನಲ್ಲಿ ಮೀನಿನ ಪುಡಿ ಮಾಂಸದ ಪುಡಿ ಇಲ್ಲದಿದ್ದರೂ ಚೆನ್ನಾಗಿ ಬೆಳೆದವು. ಹಳೆಯ ಹಾಸಿಗೆಯೊಳಗಿನ ಸೂಕ್ಷ್ಮಾಣುಗಳು ತಯಾರಿಸಿದ ಪೋಷಕಾಂಶವನ್ನು ಅವು ಕುಕ್ಕಿ ಕುಕ್ಕಿ ತಿಂದಿದ್ದವು. 1948ರಲ್ಲಿ ಬೇರ್ಪಡಿಸಿ ಹೆಸರಿಟ್ಟ ಬಿ12 ಜೀವಸತ್ವ ಅದರಲ್ಲಿತ್ತು. ನಾವು ಡಾಕ್ಟರ ಚೀಟಿ ಹಿಡಿದು ಅಂಗಡಿಯಲ್ಲಿ ಕೊಳ್ಳುವ ಗುಳಿಗೆಯನ್ನು ಕೋಳಿ ಹಾಸಿಗೆಯಲ್ಲೇ ಹೆಕ್ಕಿಕೊಳ್ಳುತ್ತದೆ. ಇದನ್ನು ಅತ್ತೆಯವರಿಗೆ ವಿವರಿಸಿ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಹಂಗಾರ ನಮ್ಮೂರ ತಿಪ್ಪೀನ ಛಲೋ ಇತ್ತಂತ ಅಮೇರಿಕಾದಾವ್ರು ಒಪ್ಪಿದ್ರನ್ರಿ" ಎಂದರು. ನಾನು ಎದ್ದು ಕೋಳಿಗೆ ನೀರಿಡಲು ಹೋದೆ.

ಕಡೆಗೆ ಉಳಿಯುವುದು ಹಳೆಯ ಗಾದಿಯ ಪ್ರಶ್ನೆ. ಈ ಊರಿನಲ್ಲಿ ಈಗ ಮಿದ್ದೆ ತೋಟದ ಹುಚ್ಚು, ಅಂದರೆ ಮಾಳಿಗೆಯ ಮೇಲೆ ಕುಂಡಗಳಲ್ಲಿ ಬದನೆ, ಟೊಮ್ಯಾಟೊ, ಗೋಂಗೂರ ಬೆಳೆಯುವುದು. ಹದವಾಗಿ ಕಳಿತ ಕೋಳಿಹೊಟ್ಟಿನಲ್ಲಿ ನೂರಕ್ಕೆ ಮೂರರಷ್ಟು ಸಾರಜನಕ ಇರುತ್ತದೆ, ಸೆಗಣಿ ಗೊಬ್ಬರಕ್ಕೆ ಅದು ದೊಡ್ಡಣ್ಣ. ಸುದ್ದಿ ಹೇಗೋ ಕಾಂಪೌಂಡು ದಾಟಿತು. ಒಂದು ಬೆಳಿಗ್ಗೆ ಭಾಭಿ ಖಾಲಿ ಬಾಸ್ಮತಿ ಅಕ್ಕಿಯ ಚೀಲ ಹಿಡಿದು ಗೇಟಿನ ಮುಂದೆ ನಿಂತಿದ್ದರು, ದುಪಟ್ಟಾದ ಅಂಚಿನಿಂದ ಮೂಗು ಮುಚ್ಚಿಕೊಂಡೇ. ಗುಲಾಬಿಗೆ ಬೇಕಂತೆ. ಆಗಷ್ಟೇ ಆಟೋದಿಂದ ಇಳಿದಿದ್ದ ಹೊಸ ಹೊಟ್ಟಿನ ಚೀಲ ತೋರಿಸಿ, ಇದನ್ನೂ ಸ್ವಲ್ಪ ಬೆರೆಸಿ ಕೊಡಲೇ, ಹಸಿ ಗೊಬ್ಬರ ಬೇರು ಸುಟ್ಟೀತು ಎಂದೆ. ಅವರು ನನ್ನ ಹೊಸ ಹೊಟ್ಟಿನ ಕಡೆ ನೋಡಲೂ ಇಲ್ಲ.

"ನಯಾ ನಕ್ಕೋ ಭಾಯಿಸಾಬ್. ಪುರಾನಾ ಹೋನಾ. ಜ಼ರಾ ದಬಾ ಕೇ ಭರೋ."

ಹೊಸದು ಬೇಡವೆಂದು ಹಳೆಯದನ್ನೇ ಒತ್ತಿ ಒತ್ತಿ ತುಂಬಿಸಿಕೊಂಡು ಹೋದರು. ಆಮೇಲೆ ಬಂದವರು ಅವರ ತಂಗಿ, ಟೋಲಿಚೌಕಿಯಿಂದ, ಎರಡು ಚೀಲ ತಂದಿದ್ದರು.